ಒಂದಿಂಚೂ ವ್ಯತ್ಯಾಸವಿಲ್ಲದ ಮನೆ

ಕೆಲಸ ಕೆಡಿಸಿದ್ದು ಒಂದೇ ಒಂದು ಸಾಲು. ಅದನ್ನು ಬರೆದವರೂ ಏಣಿ ಮೇಷ್ಟ್ರೇ.

ಆರಡಿ ಮೂರಿಂಚಿನ ಮೇಷ್ಟ್ರಿಗೆ ಊರಿಟ್ಟ ಹೆಸರದು. ಹೊಲದ ನಡುವಿನ ಅವರ ಮನೆಯನ್ನು ಕಟ್ಟಿಸಿದ ತಾತನೋ ಕುಳ್ಳ. ಬಾಗಿಲು ಐದೂವರೆ ಅಡಿ. ಐವತ್ತು ವರ್ಷ ಮೇಷ್ಟ್ರ ಹಣೆ ಬಾಗಿಲ ಮೇಲಿನ ಅಡ್ಡಪಟ್ಟಿಗೆ ಬಡಿಯುತ್ತಲೇ ಇತ್ತು. ಕಳೆದ ವರ್ಷ ಇಸ್ತ್ರಿಪೆಟ್ಟಿಗೆಯ ಕೆಂಡ ಸಿಡಿದು ಮನೆ ಸುಟ್ಟಾಗ ಊರಿಗೆ ಊರೇ ನಿಂತು ಮತ್ತೆ ಕಟ್ಟಿಕೊಟ್ಟಿತು. ಮೇಷ್ಟ್ರು ಬಡಗಿಯ ಕಿವಿಯಲ್ಲಿ ಕೇಳಿಕೊಂಡದ್ದು ಒಂದೇ: "ಬಾಗಿಲು ಮಾತ್ರ ನನ್ನಳತೆಗೆ ಇರ್ಲಪ್ಪ."

ಬಡಗಿ ಮಾತು ಉಳಿಸಿಕೊಂಡ. ಊರವರು ಮನೆ ಒಪ್ಪಿಸುವ ದಿನದ ಹಿಂದಿನ ಸಂಜೆಯಷ್ಟೇ ಬಾಗಿಲು ಕೂರಿಸಿದ್ದ. ಬೆಳಿಗ್ಗೆ ಮೇಷ್ಟ್ರು ತಲೆಯೆತ್ತಿಕೊಂಡು ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಒಳಗೆ ಹೋದರು.

"ಏನ್ರೀ ಇದು, ಮರಿ ಹಾಕಿದ ಬೆಕ್ಕಿನ ಥರ?" ಎಂದರು ಹೆಂಡತಿ.

"ಸುಮ್ನಿರೇ. ಮೀಸೆ ಬಂದ್ಮೇಲೆ ಮೊದಲ್ನೇ ಸಲ ನನ್ನ ಮನೆಗೆ ನೆಟ್ಟಗೆ ಹೋಗ್ತಿದೀನಿ."

ಹತ್ತು ಗಂಟೆಗೆ ಊರವರ ಜೊತೆ ಕಲ್ಕುಟಿಗ ಬಂದ, ಗೋಡೆಗೆ ಕೂರಿಸುವ ಕಲ್ಲು ಹೊತ್ತು. ಅದರಲ್ಲಿ ಮನೆಯ ಚರಿತ್ರೆ. ಮೇಷ್ಟ್ರೇ ತಿಂಗಳ ಹಿಂದೆ, ಊರವರನ್ನು ಹೊಗಳುವ ಭರದಲ್ಲಿ ಬರೆದುಕೊಟ್ಟದ್ದು. ಪಕ್ಕದ ಹೊಲದ ಅಜ್ಜಿ ಅವನಿಂದ ಅದನ್ನು ಗಟ್ಟಿಯಾಗಿ ಓದಿಸಿದರು: "ಬೆಂಕಿಗೆ ಆಹುತಿಯಾದ ಈ ಮನೆಯನ್ನು ಊರವರು ಮೊದಲಿನಂತೆಯೇ, ಒಂದಿಂಚೂ ವ್ಯತ್ಯಾಸವಿಲ್ಲದೆ ಕಟ್ಟಿಕೊಟ್ಟರು."

ಅಜ್ಜಿಯ ಕಣ್ಣು ಬಾಗಿಲಿಗೆ ಹೋಯಿತು. "ಅಲ್ಲಾ, ಇದ್ಯಾಕೆ ಇಷ್ಟೆತ್ತರ?"

"ಅದು... ನಾನೇ ಹೇಳಿದ್ದು," ಎಂದರು ಮೇಷ್ಟ್ರು.

"ಬಡಗಿ ತಪ್ಪನ್ನ ನೀವ್ಯಾಕಪ್ಪ ಹೊತ್ಕೋತೀರ? ನಿಮ್ಮದು ದೊಡ್ಡ ಮನಸ್ಸು!"

"ಹಾಗಾದ್ರೆ ಆ ಸಾಲು ತಿದ್ದಿಬಿಡೋಣ?"

ಕಲ್ಕುಟಿಗ ನಕ್ಕ. "ಕೆತ್ತಿದ ಕಲ್ಲು ತಿದ್ದಕ್ಕಾಗತ್ತಾ ಮೇಷ್ಟ್ರೇ? ಬಾಗಿಲು ತಿದ್ದೋಣ, ಬಿಡಿ."

ಹಳೆಯ ಅಡ್ಡಪಟ್ಟಿ ಸುಟ್ಟಿರಲೂ ಇಲ್ಲ! ಅಜ್ಜಿ ಅದನ್ನು ತಮ್ಮ ಕೊಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದರು. ಮೇಷ್ಟ್ರ ಹಣೆ ತಾಗಿ ತಾಗಿ ನುಣುಪಾದ ಗುರುತು ಹಾಗೇ ಇತ್ತು. ಸಂಜೆಯೊಳಗೆ ಬಾಗಿಲು ಮತ್ತೆ ಐದೂವರೆ ಅಡಿಗೆ ಇಳಿಯಿತು.

ಮೈಕೈ ಎಲ್ಲ ಗಾರೆಯಾಗಿ ನಿಂತ ಜನರನ್ನು ಮೇಷ್ಟ್ರು ನೋಡಿದರು. ವರ್ಷವಿಡೀ ತಮ್ಮ ಕೆಲಸ ಬಿಟ್ಟು ತನಗಾಗಿ ಮಣ್ಣು ಹೊತ್ತವರು. ಯಾವ ಜನ್ಮದ ಪುಣ್ಯವೋ ಎಂದು ಎದೆ ತುಂಬಿ ಬಂತು. ಎಲ್ಲರಿಗೂ ಕೈಮುಗಿದು, ಮುಗಿದ ಕೈಯಲ್ಲೇ ಒಳಗೆ ತಿರುಗಿದರು. ಬಗ್ಗುವುದು ಮರೆತೇಹೋಗಿತ್ತು.

ಧಡ್!

"ನೋಡ್ರೋ, ಖುಷಿಗೆ ಮೇಷ್ಟ್ರ ಕಣ್ಣಲ್ಲಿ ನೀರು!" ಎಂದರು ಅಜ್ಜಿ.

"ಹೌದಜ್ಜಿ," ಎಂದರು ಮೇಷ್ಟ್ರು. ಅರ್ಧ ನಿಜವೇ ಆಗಿತ್ತು.