ದೂಜಣ್ಣ ‘ಇಲ್ಲ’ ಎಂದದ್ದು

ಹೆಂಡತಿ ಜಗಳಕ್ಕೆ ನಿಂತಾಗ ಗಂಡ ಎದುರು ಮಾತಾಡದಿದ್ದರೆ ಅದು ಸದ್ಗುಣವೋ ದುರ್ಗುಣವೋ? ಮಲಾಡಿನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ದೂಜಣ್ಣ ಅದನ್ನು ಸದ್ಗುಣವೆಂದೇ ನಂಬಿ ತಲೆ ನರೆಸಿಕೊಂಡವರು. ಗಿರಾಕಿಯೊಬ್ಬ ಬಂದು ಸಾಂಬಾರಿಗೆ ಉಪ್ಪು ಸಾಲದು ಎಂದರೆ “ಹೌದು ಸರ್” ಎನ್ನುವರು. ಪಕ್ಕದ ಮೇಜಿನವನು ಅದೇ ಸಾಂಬಾರು ಬರೀ ಉಪ್ಪು ಎಂದರೂ “ಹೌದು ಸರ್”. ಇಬ್ಬರಿಗೂ ಒಂದೊಂದು ವಾಟಿ ಸಾಂಬಾರು ಜಾಸ್ತಿ ಹೋಗುತ್ತಿತ್ತು, ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಈ ಮಹಾ ರಾಜನೀತಿಯನ್ನು ಅವರು ಮನೆಗೂ ತಂದಿದ್ದರು. ಹೆಂಡತಿ ಅಪ್ಪಿ ಏನೇ ಹೇಳಲಿ, “ಆಯ್ತು ಮಾರಾಯ್ತಿ.” ಆಮೇಲೆ ಮಾಡುತ್ತಿದ್ದುದು ಮಾತ್ರ ತಮಗೆ ಬೇಕಾದ್ದನ್ನೇ. (ಇದನ್ನು ಸದ್ಗುಣಗಳ ಪಟ್ಟಿಗೆ ಅವರು ಸೇರಿಸಿರಲಿಲ್ಲ.)

“ನಾನೆಂತ ನಿಮ್ಮ ಗಿರಾಕಿಯಾ?” ಎಂದು ಅಪ್ಪಿ ಒಂದು ದಿನ ಸೌಟು ಎತ್ತಿದರು. “ಸಂಘದ ತಾಳಮದ್ದಳೆಯಲ್ಲಿ ವಾದ ಮಾಡ್ಲಿಕ್ಕೆ ಆಗ್ತದೆ. ನನಗೆ ಈ ಮನೆಯಲ್ಲಿ ನೆಟ್ಟಗೆ ಒಂದು ಜಗಳಕ್ಕೂ ಗತಿ ಇಲ್ಲ!”

“ಆಯ್ತು ಮಾರಾಯ್ತಿ” ಎಂದರು ದೂಜಣ್ಣ. ಸೌಟು ಗೋಡೆಗೆ ಬಡಿಯಿತು.

ತಾಳಮದ್ದಳೆಯೆಂದರೆ ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನಿಂದ ಎದುರಾಳಿಯನ್ನು ಮಣ್ಣು ಮುಕ್ಕಿಸುವ ಆಟ. ದೂಜಣ್ಣನಿಗೆ ಅದರ ಹುಚ್ಚು ಎಷ್ಟೆಂದರೆ ಮಗಳಿಗೆ ಯಕ್ಷಿತಾ ಎಂದೇ ಹೆಸರಿಟ್ಟಿದ್ದರು. ಆದರೆ ಇಷ್ಟು ವರ್ಷ ಸಿಕ್ಕಿದ್ದು ದೂತ, ದ್ವಾರಪಾಲಕ ಇಂಥವೇ. ಈಗ, ಬರುವ ಭಾನುವಾರಕ್ಕೆ, ಮೊದಲ ಸಲ ರಾಕ್ಷಸರಾಜನ ಪಾತ್ರ ಸಿಕ್ಕಿತ್ತು! ಗ್ರಹಚಾರಕ್ಕೆ ಅದೇ ಭಾನುವಾರ ಕುರ್ಲಾದಲ್ಲಿ ಅಪ್ಪಿಯ ಅಕ್ಕನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ.

ಸೌಟಿನ ಸದ್ದು ಕೇಳಿದ ಯಕ್ಷಿತಾ ಇಬ್ಬರನ್ನೂ ವಿಲೆ ಪಾರ್ಲೆಯ ಕೌನ್ಸೆಲರ್ ಮೇಡಂ ಹತ್ತಿರ ಎಳೆದುಕೊಂಡು ಹೋದಳು. “ಇದು ಸ್ಟ್ರಾಟೆಜಿಕ್ ಫ್ಯಾಮಿಲಿ ಥೆರಪಿ, ಪಪ್ಪಾ. ಪುರಾನೀ ಬಾತ್, ಹಳೇ ಕಥೆ ಎಲ್ಲ ಕೇಳೋದಿಲ್ಲ. ಹೋಮ್‌ವರ್ಕ್ ಕೊಡ್ತಾರೆ, ಬಸ್, ಅಷ್ಟೇ.”

ಮೇಡಂ ಒಬ್ಬೊಬ್ಬರನ್ನೇ ಒಳಗೆ ಕರೆದರು. ದೂಜಣ್ಣನಿಗೆ ಹೇಳಿದ್ದು ಇಷ್ಟು: ಮುಂದಿನ ಸಲ ಬರುವವರೆಗೆ ಹೆಂಡತಿ ಏನೇ ಹೇಳಲಿ, ವಿರೋಧಿಸಬೇಕು. ಯಾವುದಕ್ಕೂ ವಿನಾಯಿತಿಯಿಲ್ಲ. ಅಪ್ಪಿಗೆ ಏನು ಹೇಳಿದರೋ ಗೊತ್ತಿಲ್ಲ. ಹೊರಬಂದಾಗ ಅವರು ಮುಗುಳ್ನಗುತ್ತಿದ್ದರು. ಜಗಳ ಬಿಡಿಸಲು ಜಗಳ ಮಾಡೆನ್ನುವ ಇದೆಂಥ ಮದ್ದು ಎಂದು ದೂಜಣ್ಣ ಲೋಕಲ್ ಟ್ರೇನಿನಲ್ಲಿ ಮಗಳ ಹತ್ತಿರ ಗೊಣಗಿ ತಲೆ ಕೆರೆದುಕೊಂಡರು. ಅಷ್ಟರಲ್ಲಿ ಭಾನುವಾರ ನೆನಪಾಯಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ!

ಅಂದೇ ಊಟದ ಹೊತ್ತಿಗೆ ಅಪ್ಪಿ, “ಭಾನುವಾರ ಕುರ್ಲಾಕ್ಕೆ ಒಟ್ಟಿಗೇ ಹೋಗುವ” ಎಂದರು.

“ಇಲ್ಲ! ನಾನು ಬರುವವನಲ್ಲ!” ರಾಕ್ಷಸರಾಜನೇ ಗರ್ಜಿಸಿದ. ಮುಂದಿನ ವಾದಕ್ಕೆ ಏಳು ಸಮರ್ಥನೆ, ಎರಡು ಸಂಸ್ಕೃತ ಶ್ಲೋಕ ಸಿದ್ಧವಾಗಿದ್ದವು.

“ಆಯ್ತು” ಎಂದರು ಅಪ್ಪಿ.

ದೂಜಣ್ಣ ತುತ್ತು ಹಿಡಿದು ಕಾದರು. ಏನೂ ಬರಲಿಲ್ಲ. “ಆಯ್ತಾ? ನಿನಗೆ ಸಿಟ್ಟು ಬರುವುದಿಲ್ವಾ?”

“ಬರಬೇಕಾ?”

“ಬರಬೇಕು!”

“ಆಯ್ತು” ಎಂದು ಅಪ್ಪಿ ಮಜ್ಜಿಗೆ ಬಡಿಸಿದರು.

ಆ ವಾರವೆಲ್ಲ ಹೀಗೇ. ಅಪ್ಪಿ ಫ್ಯಾನ್ ಹಾಕಿ ಎಂದರೆ ದೂಜಣ್ಣ ಬೇಡ ಎಂದು ಬೆವರುವರು. ಚಹಾ ತಣಿಯಿತು ಎಂದರೆ ಇಲ್ಲ, ಬಿಸಿಯಿದೆ ಎಂದು ತಣ್ಣಗಿನದನ್ನೇ ಕುಡಿಯುವರು. ಎಲ್ಲದಕ್ಕೂ ಅಪ್ಪಿಯದು ಒಂದೇ ಉತ್ತರ, ‘ಆಯ್ತು’. ತಾವು ಗೆಲ್ಲುತ್ತಿದ್ದೇವೋ ಸೋಲುತ್ತಿದ್ದೇವೋ ತಿಳಿಯದೆ ಹೋಟೆಲಿನಲ್ಲೂ ಗಿರಾಕಿಗೆ “ಇಲ್ಲ ಸರ್” ಎಂದು ಬೈಸಿಕೊಂಡರು.

ಶನಿವಾರ ಸಂಜೆ ಅಪ್ಪಿ ಸೀರೆ ಇಸ್ತ್ರಿ ಮಾಡುತ್ತ ಮೆಲ್ಲಗೆ ಹೇಳಿದರು: “ನಾಳೆ ನೀವು ಕುರ್ಲಾಕ್ಕೆ ಬರುವುದೇ ಬೇಡ. ಹೋಗಿ ನಿಮ್ಮ ರಾಕ್ಷಸ ಮಾಡಿ.”

“ಆಯ್...” ಎಂದು ಬಾಯಿ ತೆರೆದ ದೂಜಣ್ಣ ಅಲ್ಲೇ ನಿಂತರು.

ಸೋಫಾದಿಂದ ಯಕ್ಷಿತಾ ತಲೆಯೆತ್ತಿದಳು. “ಪಪ್ಪಾ, ಚೀಟಿಂಗ್ ನಹೀ! ಮಮ್ಮಿ ಏನ್ ಹೇಳಿದ್ರೂ ಉಲ್ಟಾ ಹೇಳ್ಬೇಕು. ಏನ್ ಹೇಳಿದ್ರೂ!”

ದೂಜಣ್ಣ ಹೆಂಡತಿಯನ್ನು ನೋಡಿದರು, ಮಗಳನ್ನು ನೋಡಿದರು. ಗೋಡೆಯ ಮೇಲೆ ಸೌಟು ಬಡಿದ ಗುರುತನ್ನೂ ನೋಡಿದರು. ಹೊಟ್ಟೆಯೊಳಗೆ ರಾಕ್ಷಸರಾಜ ಪ್ರಾಣ ಬಿಟ್ಟ.

“ಇಲ್ಲ” ಎಂದರು. “ನಾನು... ಬಂದೇ ಬರ್ತೇನೆ.”

“ಆಯ್ತು” ಎಂದರು ಅಪ್ಪಿ.

ಕುರ್ಲಾದ ಹಾಲ್‌ನಲ್ಲಿ ದೂಜಣ್ಣ ಪಾಯಸದ ಮುಂದೆ ಕುಳಿತಿದ್ದಾಗ ಸಂಘದಿಂದ ಫೋನ್ ಬಂತು. ಪಾತ್ರವನ್ನು ನಿನ್ನೆ ಮೊನ್ನೆ ಸೇರಿದ ಸಂದೀಪನಿಗೆ ಕೊಟ್ಟರಂತೆ. ಚೆನ್ನಾಗಿ ಮಾಡುತ್ತಿದ್ದಾನಂತೆ. ದೂಜಣ್ಣನಿಗೆ ನಿಜವಾಗಿ ಅಳು ಬಂತು.

ಅತ್ತ ಅಪ್ಪಿ ಅಕ್ಕನ ಹತ್ತಿರ ಹೇಳುತ್ತಿದ್ದರು: “ನಾನು ಬೇಡ ಅಂದ್ರೂ ಕೇಳ್ಲಿಲ್ಲ ಅಕ್ಕಾ. ನನ್ನ ಹತ್ತಿರ ಜಗಳ ಮಾಡಿ ಬಂದದ್ದು ಇವರು!” ಆ ಮುಖದಲ್ಲಿದ್ದ ಕಳೆಯನ್ನು ದೂಜಣ್ಣ ಮದುವೆಯ ದಿನವೂ ಕಂಡ ನೆನಪಿಲ್ಲ. ಅದನ್ನು ನೋಡಿ ಅವರಿಗೆ ಇನ್ನಷ್ಟು ಗೊಂದಲವಾಯಿತು.

ಅಪ್ಪಿ ಪಕ್ಕಕ್ಕೆ ಬಂದು ಕೂತಾಗ ದೂಜಣ್ಣ ಮೆಲ್ಲಗೆ ಕೇಳಿದರು: “ಆಯ್ತು ಆಯ್ತು ಅಂತ ಹೇಳ್ಲಿಕ್ಕೆ ಮೇಡಮ್ಮೇ ಹೇಳಿದ್ದಾ?”

“ಹೌದು. ನೀವು ಏನಂದ್ರೂ ಆಯ್ತು ಅನ್ಬೇಕಂತೆ.”

“ನಿನ್ನೆ ‘ನೀವು ಬರುವುದು ಬೇಡ’ ಅಂದದ್ದೂ ಅವರು ಹೇಳಿ ಕೊಟ್ಟದ್ದಾ?”

“ಅದು ನನ್ನ ಸ್ವಂತದ್ದು” ಎಂದು ಅಪ್ಪಿ ಅವರ ಲೋಟಕ್ಕೆ ಇನ್ನಷ್ಟು ಪಾಯಸ ಸುರಿದರು. “ಮತ್ತೆ, ಬರುವ ಭಾನುವಾರ ನನ್ನ ತಮ್ಮನ ಮನೆಯಲ್ಲಿ ಪೂಜೆ ಉಂಟು. ನೀವು ಬರುವುದು ಬೇಡ, ಹಾಂ?”