ಮೂರನೇ ಮಹಡಿಯ ಜಾಳಿಗೆ ನಾನು ಹಾಕಿದ ಬೀಗ

ರೈಲ್ವೆಯ ಕಂಟ್ರೋಲ್ ರೂಮಿನಲ್ಲಿ ಕೂತು ಲೋಕಲ್ ಗಾಡಿಗಳ ಹೊತ್ತು ಕಾಯುವುದೇ ನನ್ನ ಜೀವಮಾನದ ಕೆಲಸವಾಗಿತ್ತು. ನಿವೃತ್ತನಾದ ಮೇಲೆ ಗಾಡಿಗಳು ಕೈಬಿಟ್ಟವು. ಹೊತ್ತು ಮಾತ್ರ ಉಳಿಯಿತು. ಏಳುವ ಹೊತ್ತು, ನಡೆಯುವ ಹೊತ್ತು, ಚಹಾದ ಹೊತ್ತು, ಚಹಾ ತಡವಾದರೆ ಸಿಟ್ಟಾಗುವ ಹೊತ್ತು, ಎಲ್ಲವೂ ನಿಗದಿ. ಇಂಥವನನ್ನು ದಿನವಿಡೀ ಮನೆಯಲ್ಲಿಟ್ಟುಕೊಳ್ಳುವ ಕಷ್ಟ ನನ್ನ ಹೆಂಡತಿ ಕಸ್ತೂರಿಗೇ ಗೊತ್ತು. ಹೀಗಾಗಿ ಆಂಟಾಪ್ ಹಿಲ್‌ನ ನಮ್ಮ ಕಾಲೊನಿಯ ಹಿಂದಿರುವ ಪಾಲಿಕೆಯ ಕನ್ನಡ ಶಾಲೆಯವರು ನನ್ನನ್ನು ಶಾಲಾ ವ್ಯವಸ್ಥಾಪನಾ ಸಮಿತಿಗೆ ಕರೆದಾಗ, ನನಗಿಂತ ಮೊದಲು ಅವಳೇ ಒಪ್ಪಿಗೆ ಕೊಟ್ಟಳು.

"ಹೋಗ್ರಿ. ಅಲ್ಲರೆ ನಿಮ್ಮ ಮಾತ ಕೇಳಲಿಕ್ಕೆ ಮಂದಿ ಅದಾರ," ಎಂದಳು.

ಸಮಿತಿಯಲ್ಲಿ ಪಾಲಕರದೇ ಬಹುಮತ. ಅಧ್ಯಕ್ಷರೂ ಪಾಲಕರೇ ಆಗಬೇಕು. ಹೊರಗಿನಿಂದ ಒಬ್ಬ 'ಶಿಕ್ಷಣಪ್ರೇಮಿ' ಸದಸ್ಯ ಇರಬಹುದು. ಅದು ನಾನು. ಆ ಪದವಿಗೆ ನನ್ನಲ್ಲಿದ್ದ ಅರ್ಹತೆ ಎಂದರೆ ಕೈತುಂಬ ಬಿಡುವು ಮತ್ತು ಇಸ್ತ್ರಿ ಮಾಡಿದ ಅಂಗಿ.

ಕಟ್ಟಡ ಒಂದೇ, ಶಾಲೆ ನಾಲ್ಕು. ಕೆಳಗೆ ಮರಾಠಿ, ಅದರ ಮೇಲೆ ತಮಿಳು, ಎರಡನೇ ಮಹಡಿಯಲ್ಲಿ ಹಿಂದಿ, ಮೂರನೆಯದರಲ್ಲಿ ನಾವು. ಪಾಲಿಕೆ ಪುಸ್ತಕ ಕೊಡುತ್ತದೆ, ಯೂನಿಫಾರ್ಮ್ ಕೊಡುತ್ತದೆ, ಬೂಟು, ಚೀಲ, ಖಿಚಡಿ ಎಲ್ಲ ಕೊಡುತ್ತದೆ. ಅದು ಕೊಡಲಾಗದ್ದು ಮಕ್ಕಳನ್ನು ಮಾತ್ರ. ಅವರನ್ನು ಶಾಲೆಯೇ ಹುಡುಕಿಕೊಳ್ಳಬೇಕು. ನಾಲ್ಕು ಕಾಸು ಕಂಡವರೆಲ್ಲ ಮಕ್ಕಳನ್ನು ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿಸುವ ಕಾಲವಿದು. ಇತ್ತ ಮಕ್ಕಳ ತಲೆ ಎಣಿಸಿಯೇ ಮಾಸ್ತರರ ಹುದ್ದೆ ಮಂಜೂರಾಗುತ್ತದೆ. ತಲೆ ಕಡಿಮೆಯಾದರೆ ಮಾಸ್ತರರು 'ಸರ್‌ಪ್ಲಸ್' ಎನಿಸಿಕೊಂಡು ಬೇರೆ ಶಾಲೆಗೆ ಹೋಗಬೇಕು. ಇನ್ನೂ ಕಡಿಮೆಯಾದರೆ ಶಾಲೆಯೇ ಹೋಗಬೇಕು. ನಾಲ್ಕು ಮಹಡಿಗಳಲ್ಲಿ ನಾಲ್ಕು ಭಾಷೆ, ಹೆದರಿಕೆ ಮಾತ್ರ ಒಂದೇ.

ಇದು ನನಗೆ ತಿಳಿದದ್ದು ಮೊದಲ ಸಭೆಯಲ್ಲಿ. ಮುಖ್ಯಾಧ್ಯಾಪಕಿ ಜೋಶಿ ಬಾಯಿ ತಣ್ಣಗಿನ ಧ್ವನಿಯಲ್ಲಿ ವಿಷಯ ಮುಂದಿಟ್ಟರು. ಸೋಮವಾರ ಶಿಕ್ಷಣ ವಿಭಾಗದ ಅಧಿಕಾರಿ ಕಟ್ಟಡದ ಎಲ್ಲ ಶಾಲೆಗಳನ್ನೂ ನೋಡಲು ಬರುತ್ತಾರೆ. ನಮ್ಮ ತರಗತಿಗಳಲ್ಲಿ ಮಕ್ಕಳು ಕಾಣದಿದ್ದರೆ ನಮ್ಮನ್ನು ಹೈವೇಯ ಆಚೆಗಿರುವ ಇನ್ನೊಂದು ಕನ್ನಡ ಶಾಲೆಗೆ ಸೇರಿಸಿಬಿಡುತ್ತಾರೆ.

ಸಮಿತಿಯ ಅಧ್ಯಕ್ಷೆ ಯಲ್ಲವ್ವ ಎದ್ದು ಕೂತಳು. ಬಾಗಲಕೋಟೆ ಕಡೆಯವಳು, ಕಟ್ಟಡದ ಕೆಲಸಕ್ಕೆ ಹೋಗುವವಳು. ಮಗಳು ರೇಣುಕಾ ನಮ್ಮಲ್ಲೇ ಮೂರನೇ ತರಗತಿ.

"ಆ ರೋಡ್ ದಾಟಿಸಿ ಹುಡ್ರನ್ನ ಯಾರ ಕಳಸ್ತಾರ್ರಿ?" ಎಂದಳು. "ನಾ ಕೆಲಸಕ್ಕ ಹೋದ್ರ ಅಕಿ ಮನ್ಯಾಗ ಕೂಡಾಕಿನ. ಅಕಿ ಸಾಲಿ ಮುಗೀತು ಅಂತ ತಿಳ್ಕೋರಿ."

ಆ ರಸ್ತೆಯನ್ನು ನಾನೇ ಉಸಿರು ಬಿಗಿಹಿಡಿದು ದಾಟುತ್ತೇನೆ. ನನಗೊಂದು ಹಳೆಯ ರೋಗವಿದೆ: ಹೆದರಿಕೆಯಾದರೆ ತಕ್ಷಣ ಒಂದು ನಿಯಮ ಮಾಡುತ್ತೇನೆ. ಅಂದೂ ಮಾಡಿದೆ.

ಮೂರನೇ ಮಹಡಿಯ ಮೆಟ್ಟಿಲ ತುದಿಗೆ ಎಳೆದು ಮುಚ್ಚುವ ಒಂದು ಕಬ್ಬಿಣದ ಜಾಳಿ ಇದೆ. ನಮ್ಮ ಮಕ್ಕಳು ಒಬ್ಬೊಬ್ಬರಾಗಿ, ಮನಸ್ಸಿಗೆ ಬಂದ ಹೊತ್ತಿಗೆ ಬರುವುದನ್ನು ನಾನು ನೋಡಿದ್ದೆ. ಅಧಿಕಾರಿ ಬರುವ ಹೊತ್ತಿಗೆ ಅರ್ಧ ಮಕ್ಕಳು ದಾರಿಯಲ್ಲಿದ್ದರೆ ಗತಿಯೇನು? ಆದ್ದರಿಂದ ಗಂಟೆ ಹೊಡೆದ ಕೂಡಲೇ ಜಾಳಿಗೆ ಬೀಗ ಬೀಳತಕ್ಕದ್ದು. ತಡವಾದವರು ಮೆಟ್ಟಿಲ ಮೇಲೆ ನಿಂತು ನಾಚತಕ್ಕದ್ದು. ಈ ಅಭ್ಯಾಸವು ಶುಕ್ರವಾರದಿಂದಲೇ ಜಾರಿಗೆ ಬರತಕ್ಕದ್ದು.

ಜೋಶಿ ಬಾಯಿ ಮೆಲ್ಲಗೆ ಅಡ್ಡಬಂದರು. ಮಕ್ಕಳು ಸೋಮಾರಿತನದಿಂದ ತಡಮಾಡುವುದಿಲ್ಲ, ಬೆಳಿಗ್ಗೆ ಅವರ ಚಾಳಿನ, ಅಂದರೆ ವಠಾರದ, ನಳದಲ್ಲಿ ನೀರು ಹಿಡಿದು ಬರಬೇಕಾಗುತ್ತದೆ ಎಂದರು. ಯಲ್ಲವ್ವ ಅದಕ್ಕೆ ದನಿಗೂಡಿಸಿದಳು.

"ನಳಾ ಯಾವಾಗ ಬರತೈತಿ ಅನ್ನೂದು ನಳಕ್ಕೂ ಗೊತ್ತಿಲ್ರಿ ಕಾಕಾ. ನಾವು ನಸುಕಿನ್ಯಾಗ ಕೆಲಸಕ್ಕ ಹೋಗಿರ್ತೀವಿ. ಹುಡ್ರ ಕೊಡ ತುಂಬಿಟ್ಟು ಬರಬೇಕು."

"ಶಿಸ್ತು ಇದ್ರ ನೀರೂ ಹೊತ್ತಿಗೆ ಬರ್ತದ," ಎಂದೆ.

ಆ ಮಾತಿನ ಅರ್ಥ ನನಗೆ ಇಂದಿಗೂ ಗೊತ್ತಾಗಿಲ್ಲ. ಆದರೆ ಹೇಳಿದ ಧಾಟಿ ಗಟ್ಟಿಯಾಗಿತ್ತು. ಠರಾವು ಪಾಸಾಯಿತು.

ಸ್ಟೇಷನ್ ಹತ್ತಿರದ ಅಂಗಡಿಯಿಂದ ಒಳ್ಳೆಯ ಬೀಗ ತಂದೆ. ಒತ್ತಿದರೆ ಸಾಕು, ತಾನೇ ಕೂಡಿಕೊಳ್ಳುತ್ತದೆ. ತೆಗೆಯಲು ಮಾತ್ರ ಕೀಲಿ ಬೇಕು. ಶುಕ್ರವಾರ ಗಂಟೆಯಾಯಿತು, ಟಕ್ ಎಂದಿತು. ಆಮೇಲೆ ಮಕ್ಕಳು ಬರತೊಡಗಿದರು. ಮೆಟ್ಟಿಲ ಮೇಲೆ ಉದ್ದ ಸಾಲು. ಮುಂದೆಯೇ ರೇಣುಕಾ, ಸ್ಕರ್ಟಿನ ಅಂಚು ಒದ್ದೆ. ಜಾಳಿಯ ಒಳಗಿನಿಂದ ನಾನು ಸಮಯದ ಬೆಲೆಯನ್ನು ಕುರಿತು ಭಾಷಣ ಮಾಡಿದೆ. ಗಾಡಿ ಯಾರಿಗಾಗಿಯೂ ಕಾಯುವುದಿಲ್ಲ ಎಂದೆ. ಮಕ್ಕಳು ನನ್ನನ್ನು ದೊಡ್ಡ ಕಣ್ಣು ಬಿಟ್ಟು ನೋಡಿದರು. ಮಾತು ನಾಟಿತು ಎಂದುಕೊಂಡು ಜಾಳಿ ತೆಗೆದೆ.

ಶನಿವಾರ ಅರ್ಧ ದಿನದ ಶಾಲೆ, ಊಟವಿಲ್ಲ. ಮೆಟ್ಟಿಲ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ! ಒಂದೇ ದಿನದಲ್ಲಿ ಇಷ್ಟು ಸುಧಾರಣೆಯನ್ನು ನಾನು ರೈಲ್ವೆಯಲ್ಲೂ ಕಂಡಿರಲಿಲ್ಲ. ಜೋಶಿ ಬಾಯಿ ಮಾತ್ರ ತರಗತಿಗಳು ಬಿಕೋ ಎನ್ನುತ್ತಿವೆ ಎಂದು ಗೊಣಗಿದರು. ಜ್ವರ ಹರಡಿರಬೇಕು, ತಡವಾಗಿ ಬಂದವರು ಒಬ್ಬರಾದರೂ ಇದ್ದಾರೆಯೇ ನೋಡಿ ಎಂದು ನಾನು ಅವರಿಗೇ ತಿರುಗಿಸಿದೆ. ಇಲ್ಲ ಎಂದು ಅವರು ಒಪ್ಪಲೇಬೇಕಾಯಿತು.

ಸೋಮವಾರ ಬೆಳಿಗ್ಗೆ ಗಡಿಬಿಡಿಯಲ್ಲಿ ನೀಲಿ ಅಂಗಿ ತೊಟ್ಟೆ. ಅಂಗಿಯ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡಿದ್ದೆ. ಕಸ್ತೂರಿ ಅದನ್ನು ಕಳಚಿಸಿ, ಅಧಿಕಾರಿ ಬರುವ ದಿನ ನೀಲಿ ಅಂಗಿ ಬೇಡವೆಂದು ಬಿಳಿಯದನ್ನು ತೊಡಿಸಿದಳು.

"ಗಾಡಿ ಹಳಿ ತಪ್ಪಿದಾಗೂ ನೀವು ಹಿಂಗ ಗಡಬಡಿಸಿಲ್ಲ," ಎಂದಳು.

ಗಾಡಿ ಹಳಿ ತಪ್ಪಿದರೆ ಎತ್ತಿ ಕೂರಿಸಲು ಕ್ರೇನ್ ಬರುತ್ತದೆ. ಶಾಲೆ ಹೋದರೆ ಯಾವ ಕ್ರೇನ್ ಬಂದೀತು? ಹೀಗೆ ಯೋಚಿಸುತ್ತಲೇ ಮೂರು ಮಹಡಿ ಹತ್ತಿದೆ. ಖಿಚಡಿಯ ಡಬ್ಬಿಗಳು ಅಂದು ಬೇಗನೆ ಬಂದು ನಮ್ಮ ವರಾಂಡಕ್ಕೆ ಸೇರಿದ್ದವು. ಗಂಟೆ ಹೊಡೆಯಿತು. ಬೀಗ ಒತ್ತಿದೆ. ಟಕ್.

ತಿರುಗಿ ನೋಡಿದೆ. ಒಂದನೇ ತರಗತಿಯಲ್ಲಿ ನಾಲ್ಕಾರು ಮಕ್ಕಳು. ಎರಡನೆಯದರಲ್ಲಿ ಇನ್ನೂ ಕಡಿಮೆ. ಮೂರನೆಯದರಲ್ಲಿ ಬೆಂಚುಗಳು ಮಾತ್ರ ಶಿಸ್ತಿನಿಂದ ಹಾಜರಿದ್ದವು. ಮೆಟ್ಟಿಲ ಮೇಲೆ ಇಣುಕಿದೆ. ಅಲ್ಲೂ ಯಾರಿಲ್ಲ. ಇಷ್ಟು ಮಕ್ಕಳು ಹೋದದ್ದಾದರೂ ಎಲ್ಲಿಗೆ?

"ಸರ, ಮೊದಲ ಕೀಲಿ ತಗೀರಿ. ಕೆಳಗ ಹೋಗಿ ನೋಡೋಣ," ಎಂದರು ಜೋಶಿ ಬಾಯಿ.

ಜೇಬಿಗೆ ಕೈ ಹಾಕಿದೆ. ಬಾಚಣಿಗೆ ಇತ್ತು. ಇನ್ನೊಂದು ಜೇಬಿಗೆ ಹಾಕಿದೆ. ಕರವಸ್ತ್ರ ಇತ್ತು. ಕೀಲಿ ನೀಲಿ ಅಂಗಿಯಲ್ಲಿತ್ತು! ಮನೆಗೆ ಫೋನ್ ಮಾಡಿದೆ. ನೀಲಿ ಅಂಗಿಯನ್ನು ಸಬೂನಿನ ನೀರಿನಲ್ಲಿ ನೆನೆಹಾಕಿದ್ದೇನೆ, ಯಾಕೆ ಎಂದು ಕಸ್ತೂರಿ ನಿಶ್ಚಿಂತೆಯಿಂದ ಕೇಳಿದಳು. ಯಾಕೆಂದು ಹೇಳಿದೆ. ಆ ಕಡೆಯಿಂದ ಬಕೆಟ್ ಬೋರಲಾದ ಸದ್ದು ಬಂತು.

ಕಸ್ತೂರಿಗೆ ಮಂಡಿ ನೋವು. ಅವಳು ಬರುವುದು ಅವಳ ವೇಗದಲ್ಲಿ. ಅಷ್ಟು ಹೊತ್ತು ನಾನು ಜಾಳಿ ಹಿಡಿದು ನಿಂತೆ. ಪ್ರತಿ ಸಪ್ಪಳಕ್ಕೂ ಅಧಿಕಾರಿಯೇ ಬಂದರೆಂದು ಮೆಟ್ಟಿಲತ್ತ ಇಣುಕುತ್ತಿದ್ದೆ. ಕೊನೆಗೆ ನಿಜವಾಗಿಯೂ ಬಂದರು. ಸಣ್ಣ ಆಕೃತಿಯ, ಮೆತ್ತಗೆ ಮಾತಾಡುವ ಹೆಂಗಸು. ಗದರುವ ಅಧಿಕಾರಿಯನ್ನು ನಾನು ಸಹಿಸಬಲ್ಲೆ. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಜೀವ ಹೋಗುತ್ತದೆ. ಅವರು ಜಾಳಿಯ ಆಚೆ ನಿಂತು, ರಾಣೀಬಾಗಿನ ಮೃಗಾಲಯದಲ್ಲಿ ಪಂಜರದೊಳಗಿನ ಪ್ರಾಣಿಯನ್ನು ನೋಡುವಂತೆ ನನ್ನನ್ನು ನೋಡಿದರು.

"ಕುಲೂಪ್ ಕೋಣೀ ಲಾವಲಂ?" ಎಂದರು. ಬೀಗ ಹಾಕಿದವರು ಯಾರು?

"ಮೀ," ಎಂದೆ. ನಾನೇ. ನನ್ನ ಜೀವನದ ಅತ್ಯಂತ ಚಿಕ್ಕ ಭಾಷಣ ಅದು.

ಆಮೇಲೆ ಶಿಸ್ತು, ಸಮಯಪಾಲನೆ, ಸಮಿತಿಯ ಠರಾವು ಎಂದೆಲ್ಲ ವಿವರಿಸಲು ಹೋದೆ. ಮರಾಠಿಯಲ್ಲಿ ಶುರುವಾದ ವಾಕ್ಯ ಹಿಂದಿಗೆ ಹೊರಳಿ ಕನ್ನಡದಲ್ಲಿ ಸತ್ತಿತು. ಅವರು ನನ್ನ ಭುಜದಾಚೆ ಖಾಲಿ ಬೆಂಚುಗಳನ್ನು ನೋಡಿದರು. ಈಗಷ್ಟೇ ಎರಡನೇ ಮಹಡಿಯ ಹಿಂದಿ ಶಾಲೆ ನೋಡಿ ಬಂದೆ, ಅಲ್ಲಿ ಬೆಂಚು ಸಾಲದೆ ಮಕ್ಕಳು ನೆಲದ ಮೇಲೆ ಕೂತಿದ್ದಾರೆ, ಇಲ್ಲಿ ಬೆಂಚಿನ ಮೇಲೆ ಕೂರಲು ಮಕ್ಕಳಿಲ್ಲ ಎಂದರು. ಪೆನ್ನು ತೆಗೆದರು. ಆ ಪೆನ್ನಿನ ಮುಚ್ಚಳ ಬಿಚ್ಚಿದ ಸದ್ದಿಗೆ ಹೈವೇ ರಸ್ತೆಯ ಲಾರಿಗಳೆಲ್ಲ ನನ್ನ ಕಣ್ಣ ಮುಂದೆ ಓಡಿದವು. ಅವುಗಳ ನಡುವೆ ಒದ್ದೆ ಸ್ಕರ್ಟಿನ ರೇಣುಕಾ.

ಆಗ, ಖಿಚಡಿ ಬೇಗ ಬಂದಿದ್ದಕ್ಕೋ ಏನೋ, ಊಟದ ಗಂಟೆಯೂ ಬೇಗನೆ ಆಯಿತು.

ಈ ಕಟ್ಟಡದಲ್ಲಿ ಆಯಾ ಶಾಲೆಯ ಮಕ್ಕಳು ಆಯಾ ಮಹಡಿಯಲ್ಲೇ ಉಣ್ಣಬೇಕು. ತಾಟುಗಳೂ ಅಲ್ಲಲ್ಲಿಯ ಕಪಾಟಿನಲ್ಲೇ ಇರುತ್ತವೆ. ಎರಡನೇ ಮಹಡಿಯಿಂದ ದಡದಡ ಸದ್ದು ಎದ್ದಿತು. ಮೆಟ್ಟಿಲ ತಿರುವಿನಲ್ಲಿ ಮೊದಲು ರೇಣುಕಾಳ ರಿಬ್ಬನ್ ಕಂಡಿತು, ಆಮೇಲೆ ರೇಣುಕಾ, ಆಮೇಲೆ ನಮ್ಮ ಇಡೀ ಶಾಲೆ! ಬಂದವರು ಬಂದ ಹಾಗೆಯೇ ಅಧಿಕಾರಿಯ ಬೆನ್ನಿಗೆ ಗಕ್ಕನೆ ನಿಂತರು.

ಅಧಿಕಾರಿ ರೇಣುಕಾಳನ್ನು ದಿಟ್ಟಿಸಿ, ನೀನು ಈಗ ಕೆಳಗೆ ಹಿಂದಿ ಶಾಲೆಯಲ್ಲಿ ಕೂತಿದ್ದೆಯಲ್ಲ ಎಂದು ಹಿಂದಿಯಲ್ಲಿ ಕೇಳಿದರು. ನಮ್ಮ ಮಕ್ಕಳಿಗೆ ಭಾಷೆಯ ಹೆದರಿಕೆ ಇಲ್ಲ.

"ಹಾಂ ಟೀಚರ್," ಎಂದಳು ರೇಣುಕಾ. "ಊಪರ್ ಅಜ್ಜ ತಾಲಾ ಲಗಾತಾ ಹೈ. ನೀಚೆ ಸರ್ ಬೈಠನೇ ದೇತಾ ಹೈ. ಖಾನಾ ಊಪರ್ ಹೈ."

ಮೇಲೆ ಅಜ್ಜ ಬೀಗ ಹಾಕುತ್ತಾನೆ, ಕೆಳಗೆ ಮಾಸ್ತರರು ಕೂರಲು ಬಿಡುತ್ತಾರೆ, ಊಟ ಮೇಲಿದೆ. ನನ್ನ ಶನಿವಾರದ ಸುಧಾರಣೆಯ ರಹಸ್ಯ ಮೂರು ಮಾತಿನಲ್ಲಿ ಮುಗಿಯಿತು.

ಮಕ್ಕಳ ಹಿಂದೆಯೇ ಹಿಂದಿ ಶಾಲೆಯ ಮಿಶ್ರಾಜಿ ಓಡಿಬಂದಿದ್ದರು. ಮಕ್ಕಳು ಮೆಟ್ಟಿಲ ಮೇಲೆ ನಿಂತಿದ್ದರು, ಪಾಪವೆಂದು ಕೂರಿಸಿದೆ ಎಂದು ತೊದಲಿದರು. ಅವರ ಹಣೆಯಲ್ಲೂ ನನ್ನಷ್ಟೇ ಬೆವರು. ಅವರಿಗೂ ಸರ್‌ಪ್ಲಸ್ ಆಗುವ ಭಯ. ತುಂಬಿದ ತರಗತಿ ಯಾರಿಗೆ ಬೇಡ? ಸಿಟ್ಟಾಗಲು ನೋಡಿದೆ, ಬರಲಿಲ್ಲ. ಹೊರದಬ್ಬಿದವನು ನಾನು. ಒಳಗೆ ಕೂರಿಸಿಕೊಂಡವರು ಅವರು.

ಅಷ್ಟರಲ್ಲಿ ಮಕ್ಕಳ ಗುಂಪನ್ನು ಸೀಳಿಕೊಂಡು ಕಸ್ತೂರಿ ಬಂದಳು. ಅವಳ ತೋಳು ಹಿಡಿದು ಹತ್ತಿಸುತ್ತ ಯಲ್ಲವ್ವನೂ ಬಂದಳು. ಅಧಿಕಾರಿಯನ್ನು ಕಾಣಲೆಂದೇ ಕೆಲಸ ಬಿಟ್ಟು ಬಂದಿದ್ದಳು. ಕಸ್ತೂರಿಯ ಮುಷ್ಟಿಯಿಂದ ನೊರೆ ತೊಟ್ಟಿಕ್ಕುತ್ತಿತ್ತು. ಜಾಳಿಯ ಸಂದಿಯಿಂದ ನಾನು ಕೈ ಚಾಚಿದೆ. ಅವಳು ನನ್ನನ್ನು ಒಮ್ಮೆ ನೋಡಿ, ಕೀಲಿಯನ್ನು ಅಧಿಕಾರಿಯ ಕೈಗೆ ಕೊಟ್ಟಳು.

ಯಲ್ಲವ್ವ ಒಂದು ಮಾತನ್ನಷ್ಟೇ ಹೇಳಿದಳು. "ಮೇಡಂ, ಬಚ್ಚೇ ಹೈ. ಪಾನೀ ಭರಕೇ ಆತೇ ಹೈ, ಇಸಲಿಯೇ ಲೇಟ್. ಸ್ಕೂಲ್ ಉಧರ್ ಗಯಾ ತೋ ನಹೀಂ ಆಯೇಂಗೇ." ಮಕ್ಕಳು ನೀರು ತುಂಬಿಟ್ಟು ಬರುತ್ತಾರೆ, ಅದಕ್ಕೇ ತಡ; ಶಾಲೆ ಆ ಕಡೆ ಹೋದರೆ ಬರುವುದೇ ಇಲ್ಲ.

ಅಧಿಕಾರಿ ಜಾರುವ ಕೀಲಿಯನ್ನು ಸೆರಗಿನಿಂದ ಒರೆಸಿ, ತಾವೇ ಬೀಗ ತೆಗೆದು, ಜಾಳಿ ಸರಿಸಿ, ಪಕ್ಕಕ್ಕೆ ನಿಂತರು. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬಂದರು. ಅವರು ಪ್ರತಿ ತಲೆಯನ್ನೂ ಪೆನ್ನಿನ ತುದಿಯಿಂದ ಎಣಿಸಿದರು. ಅವರ ಜೊತೆ ನಾನೂ ಮನಸ್ಸಿನಲ್ಲೇ ಎಣಿಸಿದೆ. ಕೊನೆಯ ಮಗು ತಾಟು ಹಿಡಿದು ಕೂತ ಮೇಲೆ ಅವರು ನನ್ನತ್ತ ತಿರುಗಿದರು.

"ಮುಲಂ ಆಹೇತ್. ಕುಲೂಪ್ ಕಾಢಾ."

ಮಕ್ಕಳಿದ್ದಾರೆ. ಬೀಗ ತೆಗೆದುಹಾಕಿ. ಅಷ್ಟೇ! ಈ ವರ್ಷ ಶಾಲೆ ಇದ್ದಲ್ಲೇ ಇರುತ್ತದೆ, ಮುಂದಿನ ವರ್ಷ ಮತ್ತೆ ಬರುತ್ತೇನೆ, ಅಷ್ಟರೊಳಗೆ ತಡವಾಗುವ ಕಾರಣಕ್ಕೆ ಸಮಿತಿ ಏನಾದರೂ ಮಾಡಲಿ ಎಂದು ಜೋಶಿ ಬಾಯಿಗೆ ಹೇಳಿ ಇಳಿದುಹೋದರು. ಜೋಶಿ ಬಾಯಿ ಅಲ್ಲೇ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಂಡರು. ಮಿಶ್ರಾಜಿ ನನ್ನ ಕೈ ಕುಲುಕಿದರು. ಇಂದಿಗೂ ಎದುರಾದರೆ, ಇನ್ನೊಂದು ಬೀಗ ಯಾವಾಗ ತರುತ್ತೀರಿ ಎಂದು ಆಸೆಯಿಂದ ಕೇಳುತ್ತಾರೆ.

ಮುಂದಿನ ಸಭೆಯಲ್ಲಿ ನಾನು ರಾಜೀನಾಮೆ ಕೊಡಲು ಎದ್ದೆ. ಯಲ್ಲವ್ವ ಕೂರಿಸಿದಳು.

"ಹೊತ್ತಿಗೆ ಏಳಾವ್ರು ನಮ್ಮಾಗ ನೀವೊಬ್ರ ಅದೀರಿ ಕಾಕಾ. ಹುಡ್ರ ಕೊಡ ನೀವ ಕಾಯ್ರಿ. ಅವು ಸಾಲಿಗಿ ಬರ್ಲಿ."

ಠರಾವು ಪಾಸಾಯಿತು. ಈ ಬಾರಿ ಯಾರೂ ಅಡ್ಡಬರಲಿಲ್ಲ; ನನ್ನನ್ನು ಯಾರೂ ಕೇಳಲೂ ಇಲ್ಲ. ಅಂದಿನಿಂದ ಶಾಲಾ ವ್ಯವಸ್ಥಾಪನಾ ಸಮಿತಿಯ ಶಿಕ್ಷಣಪ್ರೇಮಿ ಸದಸ್ಯನು ಪ್ರತಿದಿನ ನಸುಕಿನಲ್ಲಿ ಚಾಳಿನ ನಳದ ಮುಂದೆ, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ನಡುವೆ ನಿಂತಿರುತ್ತಾನೆ. ನಳ ಬರುವುದು ತನಗೆ ಬೇಕಾದ ಹೊತ್ತಿಗೇ. ಸಾಲಿನ ಹೆಂಗಸರ ಮುಂದೆ ಶಿಸ್ತಿನ ಮಾತೆತ್ತುವ ಧೈರ್ಯ ನನಗಿಲ್ಲ.

ಮೊನ್ನೆ ಕಸ್ತೂರಿಯ ಚಹಾ ತಡವಾಯಿತು. ನಾನು ಓಡುತ್ತ ಬರುವಷ್ಟರಲ್ಲಿ ಸಾಲು ಮುಂದೆ ಸರಿದಿತ್ತು. ನನ್ನ ಜಾಗದಲ್ಲಿ ಯೂನಿಫಾರ್ಮ್ ತೊಟ್ಟ ರೇಣುಕಾ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಅಜ್ಜಾ, ಲೇಟಾತು," ಎಂದಳು. "ಗಾಡಿ ಯಾರಿಗೂ ಕಾಯಂಗಿಲ್ಲ. ಹಿಂದ ನಿಂದ್ರ."

ನಾನು ಸಾಲಿನ ತುದಿಗೆ ಹೋಗಿ ನಿಂತೆ. ಅವಳ ಕೈಯಲ್ಲಿ ಬೀಗ ಇರಲಿಲ್ಲ ಎಂಬುದೊಂದೇ ಸಮಾಧಾನ.