ಮಾವನವರ ಪ್ರೊಪೆಲರ್ ನೆಟ್ಟಗಾದದ್ದು

ಹುಣಸೂರಿನಲ್ಲಿ ಹುಟ್ಟಿ ಬೆಳೆದವನಿಗೆ ಮರದ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಗಿಲು, ಮಂಚ, ಮೇಜು ಮಾಡುವ ಅಂಗಡಿಗಳ ನಡುವೆಯೇ ದೊಡ್ಡವನಾದವನು ನಾನು. ಹಲಗೆಯನ್ನು ಒಂದು ಕಣ್ಣು ಮುಚ್ಚಿ ನೋಡಿದರೆ ಸಾಕು, ಎಲ್ಲಿ ಸೊಟ್ಟಗಿದೆ ಎಂದು ಹೇಳಿಬಿಡುತ್ತೇನೆ. ಈ ಮಹಾವಿದ್ಯೆಯೇ ನನ್ನ ಮಾನ ಕಳೆಯಿತು!

ಹೊಸ ಅಗ್ರಹಾರದ ನನ್ನ ಮಾವನವರು ಯೌವನದಲ್ಲಿ ವಿಮಾನದ ಮೆಕ್ಯಾನಿಕ್. ಏರ್ ಶೋ ಎಂದರೆ ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲವದು. ಪುಟ್ಟ ವಿಮಾನಗಳು ತಲೆಯ ಮೇಲೇ ರೇಸ್ ನಡೆಸುತ್ತಿದ್ದವಂತೆ. ಹಾಗೆ ಗೆದ್ದ ವಿಮಾನವೊಂದರ ಮರದ ಪ್ರೊಪೆಲರನ್ನು, ಅಂದರೆ ಮೂತಿಯಲ್ಲಿ ತಿರುಗುವ ಫ್ಯಾನನ್ನು, ಪೈಲಟ್ ಇವರಿಗೆ ಕೊಟ್ಟಿದ್ದ. ಮಗಳನ್ನು ನನಗೆ ಕೊಡುವಾಗ ಮಾವನವರು ಹೆಚ್ಚು ಯೋಚಿಸಲಿಲ್ಲ. ಅದನ್ನು ಮಾತ್ರ ಯಾರ ಕೈಗೂ ಕೊಟ್ಟವರಲ್ಲ.

ಮೊನ್ನೆ ಮೈಸೂರಿನ ಕಾಲೇಜೊಂದರಲ್ಲಿ ಹಳೆಯ ಏರ್ ರೇಸಿನ ವಸ್ತುಗಳ ಪ್ರದರ್ಶನ ಏರ್ಪಟ್ಟಿತು. ವೇದಿಕೆಯ ಮೇಲೆ ಮಾವನವರಿಗೆ ಸನ್ಮಾನ! ಎಂಬತ್ತರ ಹತ್ತಿರದ ಜೀವ ಹೊಸ ಪಂಚೆ ತಂದಿಟ್ಟುಕೊಂಡು ಕಾಯುತ್ತಿತ್ತು. ಪ್ರೊಪೆಲರ್‌ಗೆ ಒಂದಿಷ್ಟು ಪಾಲಿಶ್ ಹಾಕಿಸಿ ತನ್ನಿ ಎಂದು ನನಗೆ ಒಪ್ಪಿಸಿದರು.

ಮನೆಗೆ ತಂದು ಒಂದು ಕಣ್ಣು ಮುಚ್ಚಿ ನೋಡಿದೆ. ಅಯ್ಯೋ! ಒಂದು ತುದಿ ಮಡಿಕೇರಿ ಕಡೆ ತಿರುಚಿಕೊಂಡಿದೆ, ಇನ್ನೊಂದು ಮೈಸೂರು ಕಡೆ!

“ಅಪ್ಪ ಬರೀ ಪಾಲಿಶ್ ಅಂದವ್ರೆ ಕಣ್ರೀ. ಅಷ್ಟೇ ಮಾಡ್ಸಿ, ಸಾಕು,” ಎಂದಳು ಹೆಂಡತಿ ಸುಮಿತ್ರ.

“ನಿಮ್ಮಪ್ಪಂಗೆ ವಿಮಾನ ಗೊತ್ತು, ಮರ ಗೊತ್ತಾ? ಇಂಥ ಸೊಟ್ಟ ಸಾಮಾನು ಸ್ಟೇಜ್ ಮೇಲಿಟ್ರೆ ಹುಣಸೂರಿನ ಮರ್ಯಾದೆ ಏನಾಗ್ಬೇಕು?”

ಬಡಗಿ ಸಿದ್ದಪ್ಪನೂ ನಮ್ಮೂರಿನವನೇ ತಾನೆ! “ತ್ಯಾವ ಕುಡ್ದು ತಿರುಚ್ಕೊಂಡದೆ ಸಾ. ಬುಡಿ, ನೆಟ್ಟಗ್ ಮಾಡ್ಕೊಡ್ತೀನಿ,” ಎಂದು ಉಜ್ಜುಗೊರಡು ಕೈಗೆತ್ತಿಕೊಂಡ. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ” ಎಂದು ಅಪ್ಪಣೆ ಕೊಡುತ್ತಾ ಹೋದೆ. ಸಂಜೆಗೆ ಅದರ ಮೇಲೆ ಗೋಲಿ ಇಟ್ಟರೂ ಉರುಳುತ್ತಿರಲಿಲ್ಲ!

ಮಾವನವರಿಗೆ ಆಶ್ಚರ್ಯವಾಗಲೆಂದು ದುಪ್ಪಟಿ ಸುತ್ತಿ ನೇರ ಕಾಲೇಜಿಗೇ ತಂದೆ. ಆಶ್ಚರ್ಯವೇನೋ ಆಯಿತು. ಬಟ್ಟೆ ಸರಿಸುತ್ತಿದ್ದಂತೆ ಸಂಘಟಕರು, “ಯಜಮಾನ್ರೇ, ಈ ಹಲಗೆ ಪಕ್ಕಕ್ಕಿಡೋಣ. ಪ್ರೊಪೆಲರ್ ಎಲ್ಲಿ?” ಎಂದರು.

ಮಾವನವರು ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸಿದರು. ನಾನು ದುಪ್ಪಟಿ ಮಡಿಸತೊಡಗಿದೆ.

“ಸೊಟ್ಟಗಿತ್ತಲ್ಲ ಮಾವ, ಅದ್ಕೇ...”

“ಆ ತಿರುವು ಇದ್ರೇನೇ ಅದು ಗಾಳಿ ತಳ್ಳೋದು ಅಳಿಯಂದ್ರೇ, ವಿಮಾನ ಹಾರೋದು,” ಎಂದರು ಮೆಲ್ಲಗೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಸನ್ಮಾನವೇನೂ ನಿಲ್ಲಲಿಲ್ಲ. ಶಾಲು ಹೊದ್ದ ಮಾವನವರು ಮೈಕಿನ ಮುಂದೆ ಹಲಗೆಯನ್ನು ಎತ್ತಿ ಹಿಡಿದರು. “ಇದು ಎಷ್ಟೋ ರೇಸ್ ಗೆದ್ದಿತ್ತು. ಬಿರುಗಾಳೀಗೂ ಜಗ್ಗಿರ್ಲಿಲ್ಲ. ಅಂಥಾದ್ದನ್ನ ನಮ್ ಅಳಿಯಂದ್ರು ಕುರ್ಚಿ ಮೇಲೆ ಕೂತ್ಕೊಂಡೇ ನೆಲಕ್ಕಿಳ್ಸವ್ರೆ! ಎದ್ದು ನಿಂತ್ಕೊಳಿ ಅಳಿಯಂದ್ರೇ!”

ಎದ್ದು ನಿಂತು ಕೈ ಮುಗಿದೆ. ಶಾಲು ಅವರಿಗೆ, ಚಪ್ಪಾಳೆ ಪೂರ್ತಿ ನನಗೆ!